ಜೋನ್ಸ್‌ಟೌನ್ ದಾಖಲೆ ಸಂಗ್ರಹ: ಹೆಸರುಗಳಿಂದ ಶುರುಮಾಡಿ, ಟೇಪು ಕೊನೆಗಿರಲಿ

ಅಮೆರಿಕದ ಸ್ಯಾನ್ ಡಿಯೇಗೊ ಸ್ಟೇಟ್ ಯೂನಿವರ್ಸಿಟಿಯ ಗ್ರಂಥಾಲಯದ ಆಶ್ರಯದಲ್ಲಿರುವ ಈ ಅಂತರ್ಜಾಲ ಸಂಗ್ರಹಕ್ಕೆ ‘ಆಲ್ಟರ್ನೇಟಿವ್ ಕನ್ಸಿಡರೇಶನ್ಸ್ ಆಫ್ ಜೋನ್ಸ್‌ಟೌನ್ ಆ್ಯಂಡ್ ಪೀಪಲ್ಸ್ ಟೆಂಪಲ್’ ಎಂಬ ಉದ್ದನೆಯ ಹೆಸರಿದೆ. ಬಳಸಲು ದುಡ್ಡು ಕೊಡಬೇಕಿಲ್ಲ. ಪೀಪಲ್ಸ್ ಟೆಂಪಲ್ ಎಂಬುದು ಜಿಮ್ ಜೋನ್ಸ್ ಎಂಬ ಅಮೆರಿಕದ ಬೋಧಕ ಕಟ್ಟಿದ ಪಂಥ, ಜೋನ್ಸ್‌ಟೌನ್ ಅದು ಗಯಾನಾದ ಕಾಡಿನಲ್ಲಿ ಮಾಡಿಕೊಂಡ ವಸಾಹತು. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾದಲ್ಲಿ 918 ಜನ, ಹೆಚ್ಚಿನವರು ವಿಷದಿಂದ, ಸತ್ತ ದುರಂತದ ಬಗ್ಗೆ ಒಂದೇ ಕಡೆ ಇಷ್ಟು ಮೂಲ ಸಾಮಗ್ರಿ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಶಿರಸಿ, ಕುಮಟಾ, ಹೊನ್ನಾವರ, ಕಾರವಾರದ ಕಾಲೇಜುಗಳಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಪತ್ರಿಕೋದ್ಯಮ ಕಲಿಸುವವರು, ಮನೆಯ ಮಗನೋ ಮಗಳೋ ಯಾವುದೋ ‘ಗುರು’ವಿನ ಬೆನ್ನು ಹತ್ತಿದ್ದಾರೆಂದು ಕಂಗಾಲಾದ ತಂದೆತಾಯಿ, ಈ ವಿಷಯದ ಮೇಲೆ ಕನ್ನಡದಲ್ಲಿ ಬರೆಯಹೊರಟವರು, ಈ ಮೂರೂ ಬಗೆಯವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದು. ಆ ಅರ್ಧ ಅಂಕ ಯಾಕೆ ಕಡಿಮೆ ಎಂಬುದನ್ನು ಮುಂದೆ ಹೇಳಿದೆ.

ಸಂಗ್ರಹವನ್ನು 1998ರಲ್ಲಿ ಶುರುಮಾಡಿದವರು ರೆಬೆಕಾ ಮೂರ್ ಮತ್ತು ಅವರ ಪತಿ ಫೀಲ್ಡಿಂಗ್ ಮೆಕ್‌ಗೀ. ಮೂರ್ ಧರ್ಮಗಳ ಅಧ್ಯಯನದ ಪ್ರಾಧ್ಯಾಪಕಿಯಾಗಿದ್ದವರು. ಅವರ ಅಕ್ಕ ಕ್ಯಾರೊಲಿನ್ ಲೇಟನ್ ಮತ್ತು ತಂಗಿ ಆ್ಯನಿ ಮೂರ್, ಜೊತೆಗೆ ಕ್ಯಾರೊಲಿನ್‌ಳ ಪುಟ್ಟ ಮಗ, ಜೋನ್ಸ್‌ಟೌನ್‌ನಲ್ಲೇ ಸತ್ತರು. ಇದನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಆ ಇಬ್ಬರೂ ಜಿಮ್ ಜೋನ್ಸ್‌ನ ಆಪ್ತ ವಲಯದಲ್ಲಿದ್ದವರು. ಆ್ಯನಿ ಅಲ್ಲಿ ನರ್ಸ್ ಆಗಿದ್ದಳು. ದುಃಖದಲ್ಲಿ ಬೆಂದವರು, ಅದೇ ಹೊತ್ತಿಗೆ ಹೊಣೆ ಹೊರಬೇಕಾದವರ ಒಡಹುಟ್ಟಿದವರು ಕಟ್ಟಿದ ಸಂಗ್ರಹ ಇದು. ಅವರು ಈ ಸಂಬಂಧವನ್ನು ಎಲ್ಲೂ ಮುಚ್ಚಿಟ್ಟಿಲ್ಲ. ತಮ್ಮ ನಿಲುವಿಗೆ ಒಗ್ಗದ ಲೇಖನಗಳನ್ನೂ, ಬದುಕುಳಿದವರ ಸಿಟ್ಟಿನ ಬರಹಗಳನ್ನೂ ಹಾಕಿದ್ದಾರೆ. ಆದರೂ ಒಳವಲಯದವರ ಬಗ್ಗೆ ಬರುವ ಬರಹಗಳನ್ನು ಓದುವಾಗ ಈ ಸಂಗತಿ ತಲೆಯಲ್ಲಿರಲಿ.

ಬಹಳ ಜನ ಇಲ್ಲಿಗೆ ಬರುವುದು ಕೊನೆಯ ದಿನ ಮುದ್ರಿಸಿದ ‘ಸಾವಿನ ಟೇಪು’ ಹುಡುಕಿಕೊಂಡು. ನೇರ ಅದನ್ನೇ ಒತ್ತಿ, ಹತ್ತು ನಿಮಿಷ ಕೇಳಿ, ಹೆದರಿ ಹೊರಗೆ ಹೋಗುತ್ತಾರೆ. ಹಾಗೆ ಬಂದವರಿಗೆ ಜಿಮ್ ಜೋನ್ಸ್‌ನ ದನಿಯೊಂದೇ ಉಳಿಯುತ್ತದೆ, ಸತ್ತವರಲ್ಲಿ ಒಬ್ಬರ ಹೆಸರೂ ಉಳಿಯುವುದಿಲ್ಲ. ಹಾಗಾಗಿ ನಮ್ಮ ಮೊದಲ ಸಲಹೆ: ಮುಖಪುಟದಿಂದ ಸತ್ತವರ ಪಟ್ಟಿಗೆ ಹೋಗಿ. ಅದು ಹೆಸರಿನ ಅಕ್ಷರಕ್ರಮದಲ್ಲಿದೆ. ಒಂದೊಂದು ಹೆಸರಿಗೂ ಒಂದು ಪುಟ. ಫೋಟೋ, ಹುಟ್ಟಿದ ದಿನ, ಹುಟ್ಟಿದ ಊರು, ಸಾಯುವಾಗಿನ ವಯಸ್ಸು, ಗಯಾನಾಕ್ಕೆ ಬಂದ ತಾರೀಕು, ಅಲ್ಲಿ ಯಾವ ಮನೆಯಲ್ಲಿದ್ದರು, ಏನು ಕೆಲಸ ಮಾಡುತ್ತಿದ್ದರು ಎಂಬ ವಿವರ ಸಿಕ್ಕಷ್ಟು ಕೊಟ್ಟಿದ್ದಾರೆ. ಅದರ ಕೆಳಗೆ ಬಂಧುಗಳು, ಗೆಳೆಯರು ಬರೆದ ನೆನಪುಗಳೂ ಅಲ್ಲಲ್ಲಿ ಇವೆ.

ಈ ಪುಟಗಳನ್ನು ಓದುವ ಕ್ರಮವೂ ಮುಖ್ಯ. ಒಂದು ಅಡ್ಡಹೆಸರು ಆರಿಸಿಕೊಂಡು, ಅದೇ ಅಡ್ಡಹೆಸರಿನ ಎಲ್ಲರನ್ನೂ ಒಟ್ಟಿಗೆ ತೆರೆಯಿರಿ. ಆಗ ಅಜ್ಜಿ, ಮಗಳು, ಮೊಮ್ಮಕ್ಕಳು ಒಂದೇ ಕುಟುಂಬವಾಗಿ ಕಣ್ಣೆದುರು ಬರುತ್ತಾರೆ. ಬಂದ ತಾರೀಕು ನೋಡಿದರೆ ಬಹಳ ಮಂದಿ 1977ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಹೊರಟವರು ಎಂಬುದು ತಾನಾಗಿ ತಿಳಿಯುತ್ತದೆ. ಆ ವರ್ಷದ ಆಗಸ್ಟಿನಲ್ಲಿ ‘ನ್ಯೂ ವೆಸ್ಟ್’ ಪತ್ರಿಕೆ ಪೀಪಲ್ಸ್ ಟೆಂಪಲ್ ಬಿಟ್ಟುಬಂದವರ ಮಾತಿನ ಆಧಾರದ ಮೇಲೆ ಹೊಡೆತ, ಹಣದ ವಂಚನೆಗಳನ್ನು ಬಯಲಿಗೆಳೆಯಿತು. ಅದು ಅಚ್ಚಾಗುವ ಸುಳಿವು ಸಿಕ್ಕಿದ ಕೂಡಲೇ ನೂರಾರು ಜನರನ್ನು ಕ್ಯಾಲಿಫೋರ್ನಿಯಾದಿಂದ ಗಯಾನಾದ ಕಾಡಿಗೆ ಸಾಗಿಸಲಾಯಿತು. ಪಟ್ಟಿಯ ತಾರೀಕುಗಳನ್ನೂ ಪತ್ರಿಕೆಯ ತಾರೀಕನ್ನೂ ಪಕ್ಕಪಕ್ಕ ಇಟ್ಟರೆ ಈ ಅವಸರ ಕಾಣುತ್ತದೆ. ಇಂಥ ಕೆಲಸವನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಬೇಕು.

ವಯಸ್ಸಿನ ಲೆಕ್ಕವನ್ನೂ ಮಾಡಿಸಿ. ಸತ್ತವರಲ್ಲಿ ಸುಮಾರು ಮೂರರಲ್ಲೊಂದು ಪಾಲು, 300ಕ್ಕೂ ಹೆಚ್ಚು, ಹದಿನೆಂಟು ತುಂಬದವರು. ಹೆಚ್ಚುಕಡಿಮೆ 70 ಪ್ರತಿಶತ ಕಪ್ಪುಜನ, ಅವರಲ್ಲೂ ಹೆಂಗಸರೇ ಹೆಚ್ಚು. ಮುದುಕರ ಸಂಖ್ಯೆಯೂ ದೊಡ್ಡದು. ಈ ಮೂರು ಸಂಗತಿ ಗೊತ್ತಾದ ಮೇಲೆ ‘ಒಂಬೈನೂರು ಮೂಢರು ತಾವಾಗಿಯೇ ವಿಷ ಕುಡಿದರು’ ಎಂಬ ಮಾತು ನಿಲ್ಲುವುದಿಲ್ಲ. ಕೈಗೂಸು ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ.

ಅಂಕಿಗಳಲ್ಲಿ ಆಗುವ ಗೊಂದಲವನ್ನು ಇಲ್ಲೇ ಬಿಡಿಸಿಬಿಡುವುದು ಒಳ್ಳೆಯದು, ಏಕೆಂದರೆ ಕನ್ನಡ ಪತ್ರಿಕೆಗಳಲ್ಲೂ 909, 913, 918 ಎಂದು ಒಂದೊಂದು ಕಡೆ ಒಂದೊಂದು ಬರುತ್ತದೆ. ಜೋನ್ಸ್‌ಟೌನ್ ವಸಾಹತಿನೊಳಗೆ ಸತ್ತವರು 909. ಸುಮಾರು ಹತ್ತು ಕಿಲೋಮೀಟರ್ ದೂರದ ಪೋರ್ಟ್ ಕೈತುಮಾ ವಿಮಾನಪಟ್ಟಿಯಲ್ಲಿ ಗುಂಡಿಗೆ ಬಲಿಯಾದವರು 5: ತನಿಖೆಗೆಂದು ಬಂದಿದ್ದ ಅಮೆರಿಕದ ಸಂಸದ ಲಿಯೋ ರಯಾನ್, ಅಮೆರಿಕದ ಟಿವಿ ಸಂಸ್ಥೆ ಎನ್‌ಬಿಸಿಯ ವರದಿಗಾರ ಡಾನ್ ಹ್ಯಾರಿಸ್ ಮತ್ತು ಕ್ಯಾಮರಾಮನ್ ಬಾಬ್ ಬ್ರೌನ್, ಛಾಯಾಗ್ರಾಹಕ ಗ್ರೆಗ್ ರಾಬಿನ್ಸನ್, ವಸಾಹತು ಬಿಟ್ಟು ಅವರ ಜೊತೆ ಹೊರಟಿದ್ದ ಪೆಟ್ರೀಶಿಯಾ ಪಾರ್ಕ್ಸ್. ರಾಜಧಾನಿ ಜಾರ್ಜ್‌ಟೌನ್‌ನ ಟೆಂಪಲ್ ಮನೆಯಲ್ಲಿ ಸತ್ತವರು 4: ಶ್ಯಾರನ್ ಏಮೊಸ್ ಮತ್ತು ಆಕೆಯ ಮೂವರು ಮಕ್ಕಳು. ಒಟ್ಟು 918. ವಸಾಹತಿನ 909ಕ್ಕೆ ಜಾರ್ಜ್‌ಟೌನ್‌ನ 4 ಸೇರಿಸಿ ವಿಮಾನಪಟ್ಟಿಯ ಐವರನ್ನು ಬಿಟ್ಟರೆ 913 ಬರುತ್ತದೆ. ದುರಂತದ ಮೊದಲ ದಿನಗಳ ಪತ್ರಿಕೆಗಳಲ್ಲಿ ನಾನೂರರ ಆಸುಪಾಸು ಎಂದಿರುವುದಕ್ಕೆ ಕಾರಣ ಬೇರೆ: ದೇಹಗಳು ಒಂದರ ಮೇಲೊಂದು ಬಿದ್ದಿದ್ದವು, ದೊಡ್ಡವರ ಕೆಳಗೆ ಮಕ್ಕಳಿದ್ದರು, ಮೊದಲು ಎಣಿಸಿದವರಿಗೆ ಅವು ಕಾಣಲಿಲ್ಲ. ಆ ಮೇಲೆ ಎಣಿಕೆ ಏರಿದ್ದನ್ನೇ ಹಿಡಿದು ‘ಓಡಿದವರನ್ನು ಬೆನ್ನಟ್ಟಿ ಕೊಂದರು’ ಎಂಬ ಪಿತೂರಿ ಕಥೆಗಳು ಹುಟ್ಟಿದವು. ಅಂಥ ಕಥೆಗಳನ್ನೂ ಅವಕ್ಕೆ ಉತ್ತರಗಳನ್ನೂ ಈ ಸಂಗ್ರಹ ಒಟ್ಟಿಗೇ ಇಟ್ಟಿದೆ.

ಎರಡನೆಯ ಹಂತವಾಗಿ ದಿನಚರಿಗಳನ್ನು ಓದಿ. ಈಡಿತ್ ರೋಲರ್ ಎಂಬಾಕೆ ಟೆಂಪಲ್‌ನ ಸದಸ್ಯೆ, ಜೋನ್ಸ್‌ಟೌನ್‌ನಲ್ಲಿ ಪಾಠ ಹೇಳುತ್ತಿದ್ದವರು. ಏನು ಉಂಡೆವು, ಎಷ್ಟು ಹೊತ್ತಿಗೆ ಮಲಗಿದೆವು, ಸಭೆಯಲ್ಲಿ ಯಾರನ್ನು ನಿಲ್ಲಿಸಿ ಬೈದರು ಎಂಬುದನ್ನೆಲ್ಲ ಬರೆದಿಟ್ಟಿದ್ದಾರೆ. ಆಕೆ ನಂಬಿಕೆಯಿದ್ದ ಭಕ್ತೆ, ಆರೋಪ ಹೊರಿಸಲೆಂದು ಬರೆದದ್ದಲ್ಲ. ಅದಕ್ಕೇ ಅದರ ತೂಕ ಹೆಚ್ಚು. ಹಗಲೆಲ್ಲ ಹೊಲದ ದುಡಿಮೆ, ಸಂಜೆ ಸಭೆ, ಧ್ವನಿವರ್ಧಕದಲ್ಲಿ ಗಂಟೆಗಟ್ಟಲೆ ಜೋನ್ಸ್‌ನ ದನಿ, ನಡುರಾತ್ರಿ ಎಬ್ಬಿಸಿ ‘ವೈಟ್ ನೈಟ್’ ಎಂಬ ತುರ್ತುಸಭೆ. ಈಕೆಯೂ ನವೆಂಬರ್ 18ರಂದು ಸತ್ತರು. ಪೂರ್ತಿ ದಿನಚರಿ ದೊಡ್ಡದು. ಮೊದಲ ಸಲ ಓದುವವರು 1978ರ ಒಂದು ತಿಂಗಳನ್ನಷ್ಟೇ ಆರಿಸಿ, ಬಿಡದೆ ಓದಲಿ. ನಡುನಡುವೆ ಹಾರಿಸಿ ಓದಿದರೆ ಅದರ ದಣಿವು ಅನುಭವಕ್ಕೆ ಬರುವುದಿಲ್ಲ, ಆ ದಣಿವೇ ಇಲ್ಲಿ ಮುಖ್ಯ ಸಾಕ್ಷ್ಯ.

ಉತ್ತರ ಕನ್ನಡದವರಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುವ ಒಂದು ಭಾಗ ಇಲ್ಲಿದೆ, ಅದು ವಸಾಹತಿನ ಬೇಸಾಯದ ಕಾಗದಪತ್ರ. ಗಯಾನಾ ಸರ್ಕಾರ ವೆನೆಜುವೇಲಾ ಗಡಿಯ ಹತ್ತಿರ 3,852 ಎಕರೆಯ ಗುತ್ತಿಗೆ ಕೊಟ್ಟಿತ್ತು. 1974ರಿಂದ ಮೊದಲ ತಂಡ ಮಳೆಕಾಡು ಕಡಿದು ಮರಗೆಣಸು, ಬಾಳೆ, ಕೆಸುವಿನ ಜಾತಿಯ ಗೆಡ್ಡೆ ಹಾಕಿತು. ಹಂದಿ, ಕೋಳಿ ಸಾಕಿತು. ಸೊಪ್ಪಿನ ಬೆಟ್ಟ ಇಟ್ಟುಕೊಂಡು ತೋಟ ಮಾಡಿದ ಶಿರಸಿ, ಸಿದ್ದಾಪುರದವರಿಗೆ ಮುಂದಿನದನ್ನು ಹೇಳಬೇಕಿಲ್ಲ: ಜೋರು ಮಳೆಯ ಕಾಡಿನಲ್ಲಿ ಸಾರ ಇರುವುದು ಮರದಲ್ಲಿ, ಉದುರಿದ ಎಲೆಯಲ್ಲಿ, ಮರ ಹೋದರೆ ಎರಡು ಮಳೆಗೆ ಮೇಲ್ಮಣ್ಣು ತೊಳೆದುಹೋಗುತ್ತದೆ. ಕುಮರಿ ಮಾಡುತ್ತಿದ್ದ ಹಿಂದಿನವರು ಕೆಲವು ಬೆಳೆ ತೆಗೆದು ಜಾಗ ಬದಲಿಸುತ್ತಿದ್ದುದೂ ಅದಕ್ಕೇ. ಜೋನ್ಸ್‌ಟೌನ್‌ನವರು ಜಾಗ ಬದಲಿಸುವಂತಿರಲಿಲ್ಲ. ಕೆಲವು ನೂರು ಜನ ಇರಬೇಕಾದ ಜಾಗಕ್ಕೆ 1977, 78ರಲ್ಲಿ ಸಾವಿರದ ಹತ್ತಿರ ಜನ ಬಂದು ಬಿದ್ದರು. ನೆಲ ಅಷ್ಟು ಬಾಯಿಗೆ ಉಣ್ಣಿಸಲಿಲ್ಲ, ಆಹಾರ ಹೊರಗಿನಿಂದ ಕೊಳ್ಳಬೇಕಾಯಿತು, ತಟ್ಟೆಯಲ್ಲಿ ಅನ್ನ ಹೆಚ್ಚಾಯಿತು, ಬೇರೆ ತಿನಿಸು ಕಡಿಮೆಯಾಯಿತು. ಹೊರಗಿನ ಪ್ರಚಾರಕ್ಕೆ ಬರೆದ ‘ಸ್ವರ್ಗದಂಥ ತೋಟ’ದ ಕರಪತ್ರ ಮತ್ತು ಒಳಗಿನ ಬೇಸಾಯ ವರದಿ ಎರಡೂ ಸಂಗ್ರಹದಲ್ಲಿವೆ. ಒಟ್ಟಿಗೆ ಓದಿ. ತೋಟಗಾರರ ಮನೆಯ ವಿದ್ಯಾರ್ಥಿಗಳಿಗೆ ಜೋನ್ಸ್‌ನ ಧರ್ಮಬೋಧೆಗಿಂತ ಈ ಎರಡು ಕಾಗದ ಹೆಚ್ಚು ಕಲಿಸುತ್ತವೆ.

ಆದರೆ ಜನ ಅಲ್ಲಿಗೆ ಹೋದದ್ದಾದರೂ ಯಾಕೆ? ಇದಕ್ಕೆ ಉತ್ತರ ಸಿಗುವುದು 1950, 60ರ ದಶಕದ ಪುಟಗಳಲ್ಲಿ. ಜೋನ್ಸ್ 1950ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಪಂಥ ಶುರುಮಾಡಿದಾಗ ಕಪ್ಪು, ಬಿಳಿ ಜನ ಒಂದೇ ಬೆಂಚಿನಲ್ಲಿ ಕೂರುವ ಚರ್ಚು ಅಪರೂಪ. ಬಡವರಿಗೆ ಊಟ, ಮುದುಕರಿಗೆ ಆರೈಕೆ ಮನೆ, ಮಾದಕ ಚಟ ಬಿಡಿಸುವ ಕೆಲಸ ಇವೆಲ್ಲ ನಿಜವಾಗಿಯೂ ನಡೆದವು. 1965ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ವ್ಯಾಲಿಗೆ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಲಾಸ್ ಏಂಜಲಿಸ್‌ಗೆ ಬೆಳೆಯಿತು. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಜಾರ್ಜ್ ಮಾಸ್ಕೋನಿ ಅವನನ್ನು ನಗರದ ವಸತಿ ಪ್ರಾಧಿಕಾರಕ್ಕೆ ನೇಮಿಸಿದರು. ದೊಡ್ಡವರೆಲ್ಲ ವೇದಿಕೆಯಲ್ಲಿ ಜೊತೆಗೆ ಕೂರುತ್ತಿದ್ದವನನ್ನು ಸಾಮಾನ್ಯ ಭಕ್ತೆ ಅನುಮಾನಿಸಲಿಲ್ಲವೆಂದು ದೂರುವುದು ಹೇಗೆ? ಈ ಭಾಗವನ್ನು ಬಿಟ್ಟು ಪಾಠ ಮಾಡಿದರೆ ಮಕ್ಕಳು ‘ನಾವು ಹಾಗೆ ಮೋಸಹೋಗುವುದಿಲ್ಲ’ ಎಂದುಕೊಂಡು ಎದ್ದುಹೋಗುತ್ತಾರೆ. ಅದು ಅಪಾಯದ ಪಾಠ.

ಇನ್ನು ಟೇಪುಗಳು. ವಸಾಹತಿನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಸಿಕ್ಕಿದ ಕ್ಯಾಸೆಟ್‌ಗಳು ಸಾವಿರದ ಹತ್ತಿರ. ಪ್ರತಿಯೊಂದಕ್ಕೂ ‘ಕ್ಯೂ’ ಅಕ್ಷರದ ಮುಂದೆ ಒಂದು ಅಂಕಿ ಹಾಕಿದ್ದಾರೆ. ಈ ಅಂಕಿ ಕಾಲಕ್ರಮದ್ದಲ್ಲ. ಕ್ಯೂ 42, ಅಂದರೆ ‘ಸಾವಿನ ಟೇಪು’, ಕೊನೆಯ ದಿನದ್ದು, ಅದಕ್ಕಿಂತ ಎಷ್ಟೋ ದೊಡ್ಡ ಅಂಕಿಯ ಟೇಪುಗಳು ಅದಕ್ಕೆ ವರ್ಷಗಳ ಹಿಂದಿನವು. ಅಂಕಿ ಹಿಡಿದು ಒಂದರಿಂದ ಶುರುಮಾಡಿದವರು ದಾರಿ ತಪ್ಪುವುದು ಇಲ್ಲಿ. ಬದಲಿಗೆ ಪಟ್ಟಿಯಲ್ಲಿ ಟೇಪಿನ ತಾರೀಕು, ಊರು ನೋಡಿ ಆರಿಸಬೇಕು. ಕೆಲವಕ್ಕೆ ಪೂರ್ತಿ ಲಿಪ್ಯಂತರ (ಟೇಪಿನ ಮಾತನ್ನು ಹಾಗೆಯೇ ಬರಹಕ್ಕಿಳಿಸಿದ್ದು) ಇದೆ, ಕೆಲವಕ್ಕೆ ಸಾರಾಂಶ ಮಾತ್ರ. ಸ್ವಯಂಸೇವಕರು ವರ್ಷಗಟ್ಟಲೆ ಕೂತು ಕೇಳಿ ಬರೆದ ಕೆಲಸ ಇದು. ಸಾರಾಂಶದಿಂದ ಉಲ್ಲೇಖ ತೆಗೆಯಬೇಡಿ. ಅದು ಸಾರಾಂಶ ಬರೆದವರ ಮಾತು, ಟೇಪಿನಲ್ಲಿದ್ದವರದ್ದಲ್ಲ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಈ ತಪ್ಪನ್ನು ತುಂಬ ಸುಲಭವಾಗಿ ಮಾಡಬಹುದು.

ಕೇಳುವುದಕ್ಕೆ ಒಳ್ಳೆಯ ಕ್ರಮವೆಂದರೆ ಮೊದಲು ಕ್ಯಾಲಿಫೋರ್ನಿಯಾ ಕಾಲದ ಒಂದು ಪ್ರಾರ್ಥನಾ ಸಭೆ: ಹಾಡು, ರೋಗ ವಾಸಿಮಾಡುವ ‘ಪವಾಡ’, ಚಪ್ಪಾಳೆ. ಆಮೇಲೆ ಜೋನ್ಸ್‌ಟೌನ್‌ನ ಸುದ್ದಿವಾಚನದ ಒಂದು ಟೇಪು. ಜೋನ್ಸ್ ಲೋಕದ ಸುದ್ದಿಯನ್ನು ತನಗೆ ಬೇಕಾದ ಹಾಗೆ ತಿರುಚಿ ಓದುತ್ತಾನೆ, ಬೇರೆ ಪತ್ರಿಕೆಯಾಗಲಿ ಟಿವಿಯಾಗಲಿ ಇಲ್ಲದ ಜನಕ್ಕೆ ಅದೇ ಲೋಕ. ಮೂರನೆಯದಾಗಿ ಸ್ಯಾನ್ ಫ್ರಾನ್ಸಿಸ್ಕೊದೊಡನೆ ಹ್ಯಾಮ್ ರೇಡಿಯೊದಲ್ಲಿ ನಡೆದ ಮಾತುಕತೆ. ಆ ಬಳಿಕ 1978ರ ಒಂದು ರಾತ್ರಿಸಭೆ. ಈ ನಾಲ್ಕರ ಉದ್ದಕ್ಕೂ ಒಬ್ಬನೇ ಮನುಷ್ಯನ ದನಿ ಬದಲಾಗುತ್ತ ಹೋಗುವುದು, ಕೊನೆಕೊನೆಗೆ ನಾಲಿಗೆ ತೊದಲುವುದು ಸ್ಪಷ್ಟವಾಗಿ ಕೇಳುತ್ತದೆ. ಅವನು ಔಷಧಗಳ ಚಟಕ್ಕೆ ಬಿದ್ದಿದ್ದ. ಓದಿ ತಿಳಿಯುವುದಕ್ಕಿಂತ ಕಿವಿಯಲ್ಲಿ ತಿಳಿಯುವುದು ಬೇರೆ.

ಕ್ಯೂ 42 ಸುಮಾರು 45 ನಿಮಿಷದ್ದು. ಅದನ್ನು ಕೇಳಲೇಬೇಕೆಂದಿಲ್ಲ. ಲಿಪ್ಯಂತರ ಓದಿದರೆ ಸಾಕು, ಎಷ್ಟೋ ಜನರಿಗೆ ಅದೇ ಸರಿ. ಕೇಳುವವರು ಮೂರು ಸಂಗತಿ ಗಮನಿಸಿ. ಒಂದು, ಟೇಪು ಅಲ್ಲಲ್ಲಿ ನಿಂತು ಮತ್ತೆ ಶುರುವಾಗುತ್ತದೆ. ಹಾಗಾಗಿ ಅದು ಆ ಸಂಜೆಯ ಪೂರ್ತಿ ದಾಖಲೆಯಲ್ಲ. ಎರಡು, ಹಿನ್ನೆಲೆಯಲ್ಲಿ ಕೇಳುವ ವಿಚಿತ್ರ ಸಂಗೀತವನ್ನು ಕೇಳಿ ಯಾರೋ ವಾದ್ಯ ನುಡಿಸುತ್ತಿದ್ದರೆಂದು ಬರೆಯಬೇಡಿ. ಹಳೆಯ ಮುದ್ರಣದ ಮೇಲೇ ಮತ್ತೆ ಮುದ್ರಿಸಿದ ಟೇಪಿನಲ್ಲಿ ಉಳಿದ ಛಾಯೆ ಅದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕ್ರಿಸ್ಟೀನ್ ಮಿಲ್ಲರ್ ಎಂಬ ಹೆಂಗಸು ಎದ್ದುನಿಂತು ವಾದಿಸುತ್ತಾಳೆ. ರಷ್ಯಾಕ್ಕೆ ಹೋಗಲು ಇನ್ನೂ ದಾರಿಯಿಲ್ಲವೇ ಎಂದು ಕೇಳುತ್ತಾಳೆ, ಮಕ್ಕಳು ಬದುಕಬೇಕು ಎನ್ನುತ್ತಾಳೆ. ಜೋನ್ಸ್ ಮಾತು ಮರಳಿಸುತ್ತಾನೆ, ಆಮೇಲೆ ಸುತ್ತಲಿನ ಜನರೇ ಅವಳ ಬಾಯಿ ಮುಚ್ಚಿಸುತ್ತಾರೆ. ತರಗತಿಯಲ್ಲಿ ಈ ಟೇಪಿನ ಏನಾದರೂ ಬಳಸುವುದಿದ್ದರೆ ಈ ಮಾತುಕತೆಯ ಲಿಪ್ಯಂತರದ ಪುಟವನ್ನು ಮಾತ್ರ ಝೆರಾಕ್ಸ್ ಮಾಡಿಸಿ ಕೊಡಿ. ಕೊನೆಯ ಭಾಗದಲ್ಲಿ ಮಕ್ಕಳ ಅಳು ಇದೆ. ಅದನ್ನು ತರಗತಿಯ ಸ್ಪೀಕರ್‌ನಲ್ಲಿ ಹಾಕುವುದು ಬೇಡವೇ ಬೇಡ. ಸತ್ತವರಿಗೂ ಅದು ಅನ್ಯಾಯ, ಕೇಳುವ ಹುಡುಗರಿಗೂ.

ಆತ್ಮಹತ್ಯೆಯೋ ಕೊಲೆಯೋ ಎಂಬ ಪ್ರಶ್ನೆಗೆ ಸಂಗ್ರಹ ಒಂದೇ ಉತ್ತರವನ್ನು ಹೇರುವುದಿಲ್ಲ. ಇಲ್ಲಿ ಓದುಗರು ತಾವೇ ಸಾಕ್ಷ್ಯ ಜೋಡಿಸಬೇಕು. ಸಭಾಮಂಟಪದ ಸುತ್ತ ಆಯುಧ ಹಿಡಿದ ಕಾವಲಿತ್ತು. ಮೊದಲು ವಿಷ ಕೊಟ್ಟಿದ್ದು ಕೂಸುಗಳಿಗೆ. ಸ್ಥಳಕ್ಕೆ ಹೋದ ಗಯಾನಾದ ರೋಗಶಾಸ್ತ್ರಜ್ಞ ಲೆಸ್ಲಿ ಮೂಟೂ ಕೆಲವು ದೇಹಗಳ ಮೇಲೆ ಸೂಜಿ ಚುಚ್ಚಿದ ಗುರುತು ಕಂಡರು. ಆದರೆ ಅಮೆರಿಕದಲ್ಲಿ ನಡೆದ ಮರಣೋತ್ತರ ಪರೀಕ್ಷೆ ಏಳೇ ಏಳು. ಅದೂ ಹೆಚ್ಚುಕಡಿಮೆ ತಿಂಗಳು ಕಳೆದ ಮೇಲೆ, ದೇಹಗಳಿಗೆ ಕೆಡದಂತೆ ರಾಸಾಯನಿಕ ತುಂಬಿದ ಮೇಲೆ. ಹಾಗಾಗಿ ಎಷ್ಟು ಜನರಿಗೆ ಬಲವಂತವಾಗಿ ಚುಚ್ಚಿದರು ಎಂಬ ಲೆಕ್ಕ ಇನ್ನು ಸಿಗುವಂತಿಲ್ಲ. ಜೋನ್ಸ್ ಮತ್ತು ಆ್ಯನಿ ಮೂರ್ ಗುಂಡೇಟಿನಿಂದ ಸತ್ತವರು. ಆ ಪರೀಕ್ಷೆಯ ವರದಿಗಳನ್ನು ಓದಬಹುದು, ಭಾಷೆ ವೈದ್ಯರದ್ದು, ತುಸು ತಾಳ್ಮೆ ಬೇಕು. ಬದುಕುಳಿದವರಲ್ಲಿ ಬಹಳ ಜನ ‘ಸಾಮೂಹಿಕ ಆತ್ಮಹತ್ಯೆ’ ಎಂಬ ಮಾತನ್ನು ಒಪ್ಪುವುದಿಲ್ಲ. ಮಕ್ಕಳ ಮಟ್ಟಿಗಂತೂ ಅದು ಕೊಲೆಯೇ. ಕನ್ನಡದಲ್ಲಿ ಬರೆಯುವವರು ಶೀರ್ಷಿಕೆಯಲ್ಲಿ ‘ಸಾಮೂಹಿಕ ಸಾವು’ ಎಂದಿಟ್ಟು, ಒಳಗೆ ವಿವರಿಸುವುದು ನ್ಯಾಯ.

ಬದುಕುಳಿದವರ ಬರಹಗಳಿಗೆಂದೇ ‘ದ ಜೋನ್ಸ್‌ಟೌನ್ ರಿಪೋರ್ಟ್’ ಎಂಬ ವಾರ್ಷಿಕ ಸಂಚಿಕೆ ಇದೆ. ಹಳೆಯ ಸಂಚಿಕೆಗಳೂ ಸಿಗುತ್ತವೆ. ಆ ದಿನ ಬೆಳಿಗ್ಗೆಯೇ ಪಿಕ್‌ನಿಕ್ ನೆಪ ಹೇಳಿ ಕಾಡಿನ ದಾರಿ ಹಿಡಿದು ಪಾರಾದ ಹನ್ನೊಂದು ಮಂದಿ, ಬ್ಯಾಸ್ಕೆಟ್‌ಬಾಲ್ ಆಡಲೆಂದು ಜಾರ್ಜ್‌ಟೌನ್‌ಗೆ ಹೋಗಿದ್ದ ತಂಡ, ಗಲಾಟೆಯೇ ತಿಳಿಯದೆ ಹಾಸಿಗೆಯಲ್ಲಿ ಮಲಗಿದ್ದ ಮುದುಕಿ ಹಯಸಿಂತ್ ತ್ರ್ಯಾಶ್ ಹೀಗೆ ಬದುಕಿದ್ದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ. ಜೋನ್ಸ್‌ನ ಮಗ ಸ್ಟೀಫನ್ ಕೂಡ ಆ ತಂಡದಲ್ಲಿದ್ದವನು. ಸಂಚಿಕೆಯ ಗುಣಮಟ್ಟ ಏರುಪೇರು: ನೇರ ಅನುಭವದ ಬರಹ ಬಂಗಾರ, ದೂರದವರ ಕವಿತೆ, ಪಿಎಚ್‌ಡಿ ತುಣುಕುಗಳನ್ನು ಬಿಟ್ಟರೂ ನಷ್ಟವಿಲ್ಲ.

ಈಗ ಆ ಅರ್ಧ ಅಂಕದ ವಿಷಯ. ಸಂಗ್ರಹ ಎರಡು ದಶಕಕ್ಕೂ ಹೆಚ್ಚು ಕಾಲ ಪದರಪದರವಾಗಿ ಬೆಳೆದಿದೆ, ಒಂದೇ ವಿಷಯ ನಾಲ್ಕು ಕಡೆ ಹಂಚಿಹೋಗಿದೆ. ಒಳಗಿನ ಹುಡುಕಾಟದಲ್ಲಿ ಬರೀ ‘ಜೋನ್ಸ್’ ಎಂದು ಕೊಟ್ಟರೆ ರಾಶಿ ಬೀಳುತ್ತದೆ. ಹೆಸರು, ವರ್ಷ, ಊರು ಮೂರನ್ನೂ ಕೊಟ್ಟರೆ ಬೇಗ ಸಿಗುತ್ತದೆ. ಎಫ್‌ಬಿಐ ಕಡತಗಳಲ್ಲಿ ರಯಾನ್ ಕೊಲೆ ತನಿಖೆಗೆ ‘ರೈಮರ್’ ಎಂಬ ಸಂಕೇತನಾಮ. ಅಲ್ಲಿನ ಹಾಳೆಗಳು ಟೈಪ್‌ರೈಟರ್ ಪ್ರತಿಯ ಝೆರಾಕ್ಸಿನ ಸ್ಕ್ಯಾನ್. ಹೆಸರುಗಳ ಮೇಲೆ ಕಪ್ಪು ಬಳಿದಿದ್ದಾರೆ, ಅಕ್ಷರ ಮಸುಕು, ಅಕ್ಷರ ಗುರುತಿಸುವ ತಂತ್ರಾಂಶಕ್ಕೂ ಅವು ಸರಿಯಾಗಿ ದಕ್ಕುವುದಿಲ್ಲ. ಹಾಗಾಗಿ ಹುಡುಕಾಟದಲ್ಲಿ ಬರಲಿಲ್ಲವೆಂದರೆ ದಾಖಲೆ ಇಲ್ಲವೆಂದು ತೀರ್ಮಾನಿಸಬೇಡಿ. ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಏನೂ ಇಲ್ಲ. ಯಂತ್ರಾನುವಾದ ಹಾಕಿದರೆ ಲಿಪ್ಯಂತರದಲ್ಲಿ ಯಾರ ಮಾತು ಎಲ್ಲಿ ಮುಗಿಯಿತು ಎಂಬುದೇ ಕಲಸಿಹೋಗುತ್ತದೆ, ಗುಂಪಿನ ಕೂಗು ಜೋನ್ಸ್‌ನ ಬಾಯಿಗೆ ಬರುತ್ತದೆ. ಅದನ್ನು ನಂಬಿ ಬರೆಯುವಂತಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೇಷ್ಟರೇ ನಾಲ್ಕಾರು ಪುಟ ಅನುವಾದಿಸಿಕೊಡಬೇಕು.

ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲದ ನೆಟ್ಟು ಗೊತ್ತಿದ್ದದ್ದೇ. ಟೇಪನ್ನು ನೇರ ಕೇಳಲು ಹೋದರೆ ನಡುವೆ ನಿಂತು ಹೋಗುತ್ತದೆ, ಟೇಪೇ ನಿಂತಿತೋ ನೆಟ್ಟು ನಿಂತಿತೋ ತಿಳಿಯುವುದಿಲ್ಲ. ಕ್ಯೂ 42ರಂತೆ ಮುದ್ರಣವೇ ಕಡಿದಿರುವ ಟೇಪಿನಲ್ಲಿ ಇದು ಬರೀ ಕಿರಿಕಿರಿಯಲ್ಲ, ತಪ್ಪು ತೀರ್ಮಾನಕ್ಕೆ ದಾರಿ. ಶಿರಸಿಗೋ ಕಾರವಾರಕ್ಕೋ ಬಂದಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. 128 ಕಿಲೋಬಿಟ್‌ನ ಎಂಪಿ3 ಆದರೆ 45 ನಿಮಿಷಕ್ಕೆ ಸುಮಾರು 43 ಎಂಬಿ ಆಗುತ್ತದೆ, ಹತ್ತು ಟೇಪು ಪೆನ್‌ಡ್ರೈವ್‌ನ ಮೂಲೆಯಲ್ಲಿ ಕೂರುತ್ತವೆ. ಬಹಳಷ್ಟು ಟೇಪುಗಳು ಇಂಟರ್ನೆಟ್ ಆರ್ಕೈವ್‌ನಲ್ಲೂ ಇವೆ. ಕಡತದ ಹೆಸರಿನಲ್ಲಿ ಕ್ಯೂ ಅಂಕಿಯನ್ನು ಹಾಗೇ ಉಳಿಸಿ. ‘ಟೇಪು ಒಂದು, ಎರಡು’ ಎಂದು ಬದಲಿಸಿದರೆ ಆಮೇಲೆ ಲಿಪ್ಯಂತರದ ಜೊತೆ ತಾಳೆ ಹಾಕಲಾಗುವುದಿಲ್ಲ. ಮುದ್ರಣ ಹಳೆಯದು, ಮೊಬೈಲಿನ ಸ್ಪೀಕರ್‌ನಲ್ಲಿ ಗುಂಪಿನ ಮಾತು ಬರೀ ಗದ್ದಲ. ಇಯರ್‌ಫೋನ್ ಹಾಕಿ, ಲಿಪ್ಯಂತರ ಎದುರಿಗಿಟ್ಟು ಕೇಳಿ.

ತರಗತಿಗೆ ತರುವವರಿಗೆ ಇನ್ನೊಂದು ಮಾತು. ಆತ್ಮಹತ್ಯೆಯ ನೋವು ಕಂಡ ಮನೆಯ ಮಕ್ಕಳು ಯಾವ ತರಗತಿಯಲ್ಲೂ ಇರಬಹುದು. ಏನು ಬರಲಿದೆ ಎಂದು ಹಿಂದಿನ ದಿನವೇ ಹೇಳಿ, ಎದ್ದುಹೋಗಲು ಕಾರಣ ಕೇಳದೆ ಬಿಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಧಾರವಾಡದ ಡಿಮ್ಹಾನ್ಸ್ ನಮಗೆ ಹತ್ತಿರದ ದೊಡ್ಡ ಮಾನಸಿಕ ಆಸ್ಪತ್ರೆ.

ಮನೆಯವರ ಚಿಂತೆಯಿಂದ ಇಲ್ಲಿಗೆ ಬಂದವರು ಸೀದಾ 1978ರ ಎರಡು ದಾಖಲೆ ನೋಡಿ. ಏಪ್ರಿಲ್‌ನಲ್ಲಿ ಬಂಧುಗಳ ಗುಂಪು ಕೊಟ್ಟ ದೂರುಪತ್ರ, ವಸಾಹತಿನಿಂದ ತಪ್ಪಿಸಿಕೊಂಡು ಬಂದ ಡೆಬೊರಾ ಲೇಟನ್ ಬ್ಲೇಕಿ ಜೂನ್‌ನಲ್ಲಿ ಕೊಟ್ಟ ಪ್ರಮಾಣಪತ್ರ. ಪಾಸ್‌ಪೋರ್ಟ್ ಕಿತ್ತಿಟ್ಟದ್ದು, ಕಾಗದ ಒಡೆದು ಓದಿದ್ದು, ಫೋನಿನಲ್ಲಿ ಏನು ಹೇಳಬೇಕೆಂದು ಹೇಳಿಕೊಟ್ಟದ್ದು, ನಿದ್ದೆ ಮತ್ತು ಊಟ ಕಡಿಮೆ ಮಾಡಿದ್ದು, ಮುದುಕರ ಪಿಂಚಣಿ ಹಣ ಸಂಸ್ಥೆಗೆ ಹೋದದ್ದು, ಸಾಮೂಹಿಕ ಸಾವಿನ ತಾಲೀಮು ನಡೆದದ್ದು ಇವೆಲ್ಲ ಐದು ತಿಂಗಳಿಗೂ ಮೊದಲೇ ಕಾಗದದ ಮೇಲೆ ಬಂದಿತ್ತು. ಯಾವುದೇ ಆಶ್ರಮ, ಪಂಥದ ಬಗ್ಗೆ ಅನುಮಾನ ಬಂದಾಗ ಬೋಧನೆಯನ್ನು ಬದಿಗಿಟ್ಟು ಕೇಳಬೇಕಾದ ಪ್ರಶ್ನೆಗಳು ಈ ಕಾಗದಗಳಲ್ಲೇ ಇವೆ: ಗುರುತಿನ ಚೀಟಿ ಯಾರ ಹತ್ತಿರ ಇದೆ, ಒಬ್ಬರೇ ಇದ್ದಾಗ ಮಾತಾಡಲು ಬಿಡುತ್ತಾರೆಯೇ, ಬಿಟ್ಟುಹೋದವರ ಬಗ್ಗೆ ಒಳಗಿರುವವರು ಏನನ್ನುತ್ತಾರೆ. 2000ದಲ್ಲಿ ಪಂಥವೊಂದರ ನೂರಾರು ಜನ ಸತ್ತ ಉಗಾಂಡದ ಕನುಂಗು, 2023ರಲ್ಲಿ ನೂರಾರು ದೇಹ ಹೊರತೆಗೆದ ಕೀನ್ಯಾದ ಶಕಹೋಲಾ ಕಾಡು, ಎರಡರಲ್ಲೂ ಹೀಗೆಯೇ ಜನರನ್ನು ಹೊರಲೋಕದಿಂದ ಕಡಿದಿದ್ದರು.

ದುರಂತದ ನಂತರದ ವರ್ಷಗಳ ಭಾಗ ಚಿಕ್ಕದಾದರೂ ಬಿಡಬಾರದ್ದು. ದೇಹಗಳನ್ನು ಡೆಲವೇರ್‌ನ ಡೋವರ್ ವಾಯುನೆಲೆಗೆ ತಂದರು. ಸ್ಮಶಾನಗಳು ಒಂದಾದಮೇಲೊಂದು ಬೇಡವೆಂದವು. ಕೊನೆಗೆ ಓಕ್‌ಲೆಂಡ್‌ನ ಎವರ್‌ಗ್ರೀನ್ ಸ್ಮಶಾನ ಒಪ್ಪಿತು. ಗುರುತು ಸಿಗದ, ಕೇಳಿಕೊಂಡು ಯಾರೂ ಬಾರದ 400ಕ್ಕೂ ಹೆಚ್ಚು ಜನ, ಅವರಲ್ಲಿ ಬಹಳ ಮಂದಿ ಮಕ್ಕಳು, 1979ರಲ್ಲಿ ಅಲ್ಲಿ ಒಂದೇ ಗುಂಡಿಯಲ್ಲಿ ಮಣ್ಣಾದರು. 2011ರ ಮೇ ತಿಂಗಳಲ್ಲಿ ನಾಲ್ಕು ಗ್ರಾನೈಟ್ ಹಲಗೆಗಳ ಮೇಲೆ 918 ಹೆಸರುಗಳನ್ನೂ ಕೆತ್ತಿಸಿ ಹಾಕಲಾಯಿತು. ಜಿಮ್ ಜೋನ್ಸ್‌ನ ಹೆಸರೂ ಅದರಲ್ಲಿದೆ. ಕೊಂದವನ ಹೆಸರು ಸತ್ತವರ ಸಾಲಿನಲ್ಲೇಕೆ ಎಂದು ಹಲವು ಬಂಧುಗಳು ಕೆರಳಿದರು. ಅಂದು ಸತ್ತವರ ಚಾರಿತ್ರಿಕ ದಾಖಲೆ ಅದು ಎಂದು ಹಾಕಿಸಿದವರು ಉತ್ತರಿಸಿದರು. ಈ ಜಗಳದ ಎರಡೂ ಬದಿ ಸಂಗ್ರಹದಲ್ಲಿದೆ, ಸಂಗ್ರಹ ನಡೆಸುವವರು ಹೆಸರು ಇರಲೆಂದವರ ಪಾಳಯದವರು. ನಮ್ಮ ಅಭಿಪ್ರಾಯ ಕೇಳಿದರೆ, ದಾಖಲೆಯ ಪಟ್ಟಿಯಲ್ಲಿ ಅವನ ಹೆಸರು ಇರಲೇಬೇಕು, ಸಮಾಧಿಯ ಕಲ್ಲಿನಲ್ಲಿ ಬೇಕಿರಲಿಲ್ಲ. ಮಗುವನ್ನು ಮಣ್ಣು ಮಾಡಿದವರು ಹೂವಿಡಲು ಬಂದಾಗ ಆ ಹೆಸರು ಎದುರಾಗಬಾರದು. 2014ರಲ್ಲಿ ಡೋವರ್‌ನ ಮುಚ್ಚಿಹೋದ ಒಂದು ಶವಸಂಸ್ಕಾರದ ಮನೆಯಲ್ಲಿ ಒಂಬತ್ತು ಜನರ ಅಸ್ಥಿ ಸಿಕ್ಕಿತು. ಮೂವತ್ತಾರು ವರ್ಷ ಅವು ಅಲ್ಲೇ ಉಳಿದಿದ್ದವು. ವಿಮಾನಪಟ್ಟಿಯಲ್ಲಿ ಐದು ಗುಂಡು ತಿಂದು ಬದುಕಿದ ರಯಾನ್‌ರ ಸಹಾಯಕಿ ಜಾಕಿ ಸ್ಪಿಯರ್ 2008ರಲ್ಲಿ ತಾವೇ ಸಂಸದೆಯಾದರು. ಈ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದು ಪಂಥದ ಸದಸ್ಯ ಲ್ಯಾರಿ ಲೇಟನ್ ಒಬ್ಬನಿಗೆ, ಅವನು 2002ರಲ್ಲಿ ಬಿಡುಗಡೆಯಾದ.

ಇದಕ್ಕೆ ಪರ್ಯಾಯಗಳು ಇಲ್ಲವೆಂದಲ್ಲ. ಎಫ್‌ಬಿಐನ ಸ್ವಂತ ಅಂತರ್ಜಾಲ ಕಡತ ಸಂಗ್ರಹ ‘ವಾಲ್ಟ್’ನಲ್ಲಿ ಕಡತಗಳು ಸಿಗುತ್ತವೆ, ಆದರೆ ವಿವರಣೆಯಿಲ್ಲದ ಹಾಳೆಗಳ ರಾಶಿ, ಕಡತ ಓದಿ ಅಭ್ಯಾಸವಿದ್ದ ಪತ್ರಕರ್ತರಿಗೆ ಆದೀತು. ಕ್ಯಾಲಿಫೋರ್ನಿಯಾ ಹಿಸ್ಟಾರಿಕಲ್ ಸೊಸೈಟಿಯಲ್ಲಿದ್ದ ಟೆಂಪಲ್‌ನ ಮೂಲ ಕಾಗದಗಳು, ಫೋಟೋಗಳು ಆ ಸಂಸ್ಥೆ ಮುಚ್ಚಿದ ಬಳಿಕ 2025ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಗೆ ಹೋಗಿವೆ. ಅವನ್ನು ಪೂರ್ತಿ ನೋಡಲು ಅಲ್ಲಿಗೇ ಹೋಗಬೇಕು. ಗಯಾನಾದಲ್ಲಿ 2025ರಿಂದ ಜೋನ್ಸ್‌ಟೌನ್ ಜಾಗಕ್ಕೇ ಪ್ರವಾಸ ಶುರುವಾಗಿದೆ, ತಲೆಗೆ 750 ಡಾಲರ್. ಪೋರ್ಟ್ ಕೈತುಮಾವರೆಗೆ ಸಣ್ಣ ವಿಮಾನ, ಅಲ್ಲಿಂದ ಕಚ್ಚಾ ರಸ್ತೆ. ಕಟ್ಟಡವೊಂದೂ ಉಳಿದಿಲ್ಲ, ಕಾಡು ಮರಳಿ ಬೆಳೆದಿದೆ, 2009ರಲ್ಲಿ ನಿಲ್ಲಿಸಿದ ಒಂದು ಸ್ಮಾರಕ ಕಲ್ಲಿದೆ. ಬದುಕುಳಿದವರಲ್ಲೇ ಅದರ ಬಗ್ಗೆ ಒಮ್ಮತವಿಲ್ಲ. ತಿಳಿಯುವ ಉದ್ದೇಶವಾದರೆ ಆ ದುಡ್ಡಿಗೆ ಸಿಗುವುದು ಕಡಿಮೆ. ಸಂಗ್ರಹಕ್ಕೆ ವಿಳಾಸ ಟೈಪು ಮಾಡುವಾಗ ಇಂಗ್ಲಿಷಿನಲ್ಲಿ ಜೋನ್ಸ್‌ಟೌನ್, ಚುಕ್ಕೆ, ಎಸ್‌ಡಿಎಸ್‌ಯು, ಚುಕ್ಕೆ, ಇಡಿಯು. ಹೆಸರಿನ ಪಟ್ಟಿಯಲ್ಲಿ ತಪ್ಪು ಕಂಡರೆ ನಡೆಸುವವರಿಗೆ ಬರೆಯಬಹುದು. ಬಂಧುಗಳು ಕಳಿಸಿದ ತಿದ್ದುಪಡಿಯಿಂದಲೇ ಆ ಪುಟಗಳು ಇವತ್ತಿಗೂ ತುಂಬುತ್ತಿವೆ.